ಕೊಡೆ ಹಿಡಿದು ಪ್ಲೇಆಫ್‌ಗೆ

ವಾಮಂಜೂರು,
ಅಕ್ಟೋಬರ್ ೧೯೮೩

ಮಾನ್ಯ ಕಾರ್ಯದರ್ಶಿ ಚಿತ್ತರಂಜನರೇ,

ತಮಗೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಮ್ಮ ಪಾದಗಳನ್ನು ಒದ್ದೆಯಾಗದಂತೆ ಕಾಪಾಡಿದ ಗಮ್‌ಬೂಟುಗಳಿಗೂ ಗುಣಪಾಲನ ಅನಂತ ನಮಸ್ಕಾರಗಳು. ಪಣಂಬೂರಿನ ನಮ್ಮ ಕಾರ್ಖಾನೆಯ ಹವ್ಯಾಸಿ ಗಾಲ್ಫ್ ಲೀಗನ್ನು ತಾವು ಈ ವರ್ಷ ನಡೆಸಿದ ಚಂದವನ್ನು ನಾಲ್ಕು ಜನರೆದುರು ಹೊಗಳದಿದ್ದರೆ ನನಗೆ ಊಟ ಸೇರುವುದಿಲ್ಲವಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಬಂದರಿಗೆ ಬಂದ ಹಡಗೊಂದರ ಇಂಗ್ಲಿಷ್ ಕಪ್ತಾನರು ತಮ್ಮೂರಿನಲ್ಲಿ ಗಾಲ್ಫ್ ರಂಗೇರುವುದು ಜೂನ್‌ನಲ್ಲಿ ಎಂದರಂತೆ. ತಾವು ಮರುದಿನವೇ ನಮ್ಮ ಲೀಗನ್ನೂ ಜೂನ್‌ಗೆ ತಂದು ಕೂರಿಸಿದಿರಿ. ಅವರ ಜೂನ್‌ನಲ್ಲಿ ಬಿಸಿಲು ಬರುತ್ತದೆ, ನಮ್ಮ ಜೂನ್‌ನಲ್ಲಿ ಕಡಲೇ ಮೈದಾನಕ್ಕೆ ಬರುತ್ತದೆ ಎಂಬ ಸಣ್ಣ ವ್ಯತ್ಯಾಸಕ್ಕೆ ತಾವು ತಲೆಕೆಡಿಸಿಕೊಳ್ಳಲಿಲ್ಲ. ಬದಲಿಗೆ ಒಂದು ನಿಯಮ ಮಾಡಿದಿರಿ: ಪಂದ್ಯ ಗೆದ್ದವನಿಗೆ ಮೂರು ಅಂಕ, ಮಳೆಯಿಂದ ಪಂದ್ಯ ನಿಂತರೆ, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಮೈದಾನದಲ್ಲಿ ನಿಂತಿದ್ದವರಿಗೆಲ್ಲ ಅದೇ ಮೂರು ಅಂಕ, ಕೊನೆಗೆ ಮೊದಲ ನಾಲ್ವರಿಗೆ ಕಪ್ಪಿಗಾಗಿ ಡಿಸೆಂಬರ್‌ನಲ್ಲಿ ಪ್ಲೇಆಫ್.

ಈ ನಿಯಮದ ಸೊಗಸು ತಿಳಿಯಬೇಕಾದರೆ ತಮ್ಮ ಭಾವ ನಿತ್ಯಾನಂದರನ್ನು ನೋಡಬೇಕು. ಮೈದಾನಕ್ಕೆ ಅಂಟಿಕೊಂಡ ಕ್ವಾರ್ಟರ್ಸಿನಿಂದ ಅವರು ಲುಂಗಿಯಲ್ಲೇ, ಕೊಡೆ ಹಿಡಿದು ಬಂದು, ಆಕಾಶವನ್ನು ಒಮ್ಮೆ ನೋಡಿ, ಮೂರು ಅಂಕ ಗಳಿಸಿ, ಹಿಂದಿರುಗಿ ಮಲಗುತ್ತಿದ್ದರು. ಬಿಸಿಲು ಬಿದ್ದ ಎರಡು ಭಾನುವಾರ ಮಾತ್ರ ಪಾಪ, ಅವರಿಗೆ ತಲೆನೋವು. ಹೀಗೆ ಇಡೀ ಋತುವಿನಲ್ಲಿ ಚೆಂಡಿಗೆ ಯಾವ ನೋವನ್ನೂ ಮಾಡದೆ ಅವರು ಮೊದಲ ಸ್ಥಾನಕ್ಕೇರಿದ್ದಾರೆ.

ನಾನು ಆ ಎರಡೂ ಭಾನುವಾರ ಆಡಿದೆ, ಮೇಲಾಗಿ ಗೆದ್ದೆ, ಇದಕ್ಕೆ ಕ್ಷಮೆಯಿರಲಿ. ಉಳಿದ ಭಾನುವಾರಗಳಲ್ಲಿ ವಾಮಂಜೂರಿನಿಂದ ಎರಡು ಬಸ್ಸು ಬದಲಿಸಿ, ಗಾಲ್ಫ್ ಚೀಲವನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದೆ. ಕಂಡಕ್ಟರ್ ಹಸೈನಾರ್ ಕೂಡ "ಈ ಮಳೆಗೆ ಎಂತ ಆಟ ಉಂಟು ಮಾರಾಯ್ರೆ? ಒಂದು ಬಲೆಯಾದ್ರೂ ತರಬಾರದಿತ್ತಾ?" ಎಂದು ಮರುಗುತ್ತಿದ್ದರು. ರಸ್ತೆಯ ನೀರು ದಾಟಿ, ಏಳೂ ಹತ್ತಕ್ಕೆ ತೊಟ್ಟಿಕ್ಕುತ್ತಾ ಬಂದು ನಿಂತರೆ ತಾವು ಬೂಟಿನ ಮೇಲಿನಿಂದ ನಗುತ್ತಾ, "ರೂಲ್ ಅಂದ್ರೆ ರೂಲ್ ಗುಣಪಾಲರೇ, ನಾನೆಂತ ಮಾಡ್ಲಿ?" ಎನ್ನುತ್ತಿದ್ದಿರಿ. ಹಾಗಾಗಿ ನನಗೆ ದಕ್ಕಿದ್ದು ಐದನೆಯ ಸ್ಥಾನ.

ಜನವರಿಯಲ್ಲಿ ನನ್ನ ನಿವೃತ್ತಿ. ಕೆಲಸದ ಜೊತೆಗೆ ಲೀಗಿನ ಸದಸ್ಯತ್ವವೂ ಮುಗಿಯುತ್ತದೆಂಬುದು ತಮ್ಮದೇ ಇನ್ನೊಂದು ನಿಯಮ. ಒಮ್ಮೆಯಾದರೂ ಪ್ಲೇಆಫ್ ಆಡಿ ಹೋಗಬೇಕೆಂದಿತ್ತು. ಹೊಟ್ಟೆ ಉರಿಯುತ್ತದೆ ಸ್ವಾಮೀ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಆದರೂ ನನ್ನ ವಿನಂತಿಗಳು ಲೀಗಿನ ಒಳಿತಿಗಾಗಿಯೇ. ಡಿಸೆಂಬರ್‌ನಲ್ಲಿ ಮಳೆ ಇಲ್ಲದಿದ್ದರೆ ನಿತ್ಯಾನಂದರ ಆಟ ಕೆಟ್ಟುಹೋಗಬಹುದಾದ್ದರಿಂದ, ತಾವು ಕಪ್ತಾನರಿಗೆ ಹೇಳಿ ಒಂದು ಹಡಗು ಮೋಡ ತರಿಸಬೇಕು. ಅದಾಗದಿದ್ದರೆ ಅಗ್ನಿಶಾಮಕ ದಳದವರನ್ನು ಕರೆಸಿ ಮೈದಾನಕ್ಕೆ ನೀರು ಹೊಡೆಸಬೇಕು. ಮುಂದಿನ ವರ್ಷ ಅಲ್ಲೇ ಭತ್ತದ ನೇಜಿ ನೆಟ್ಟರೆ ಲೀಗಿನ ಜೊತೆಗೆ ಒಂದು ಬೆಳೆಯೂ ಕೈಗೆ ಬರುತ್ತದೆ. ಕಪ್ ಕೊಡುವಾಗ ಆ ಕೊಡೆಗೂ ಒಂದು ಹಾರ ಹಾಕುವುದನ್ನು ಮರೆಯಬಾರದು.

ಹತ್ತು ನಿಮಿಷ ತಡವಾಗಿಯೇ ಇರುವ,
ತಮ್ಮ ವಿಶ್ವಾಸಿ,
ಗುಣಪಾಲ

ಮರೆತ ಮಾತು: ನಿನ್ನೆ ಸಂಜೆ ನಿತ್ಯಾನಂದರು ನಮ್ಮ ಮನೆಗೆ ಬಂದು, "ನಿಮಗೆ ಹೇಗೂ ಬೇಡವಲ್ಲ, ನಿಮ್ಮ ಗಾಲ್ಫ್ ಕೋಲುಗಳನ್ನು ಪ್ಲೇಆಫ್‌ಗೆ ಕೊಡ್ತೀರಾ? ನನ್ನತ್ರ ಇಲ್ಲ" ಎಂದರು. ನನ್ನ ಹೆಂಡತಿ ಉಮಾವತಿ ಕಾಫಿ ಲೋಟವನ್ನು ಕುಕ್ಕಿ ಒಳಗೆ ಹೋದಳು. ನಾನು ಮಾತ್ರ ಸಂತೋಷದಿಂದ ಒಪ್ಪಿದ್ದೇನೆ, ಚೀಲ ಹೊರುವವನು ನಾನೇ ಎಂಬ ಒಂದೇ ಷರತ್ತಿನ ಮೇಲೆ. ಅಂತೂ ಪ್ಲೇಆಫ್ ತಲುಪಿದೆನಲ್ಲ. ಆ ದಿನ ಅವರು ನನ್ನತ್ತ ತಿರುಗಿ, ಮೊದಲ ಹೊಡೆತಕ್ಕೆ ಯಾವುದನ್ನು ಹಿಡಿಯಬೇಕು ಎಂದು ಕೇಳಿದರೆ, ತಮ್ಮೆಲ್ಲರ ಎದುರಿಗೇ ಅವರ ಕೈಗೆ ಕೊಡೆಯನ್ನು ಕೊಡುತ್ತೇನೆ.