ದಲ್ಲಾಳಿಯಿಲ್ಲದ ಟ್ರಾನ್ಸಿಸ್ಟರ್

ಕೆಲವರಿಗೆ ದೇವರು ಅರ್ಥವಾಗುವುದಿಲ್ಲ. ನನಗೆ ಟ್ರಾನ್ಸಿಸ್ಟರ್ ಅರ್ಥವಾಗಿಲ್ಲ. ಹಾಡುವ ರೇಡಿಯೊ ಅಲ್ಲ, ಅದರ ಹೊಟ್ಟೆಯೊಳಗಿನ ಬಿಡಿಭಾಗ: ಶೇಂಗಾ ಕಾಳಿನಷ್ಟು ಮೈ, ಮೂರು ಕಾಲು. ಪುಟ್ಟ ಬ್ಯಾಟರಿಯ ಮೇಲೆ ಬದುಕುವ ಈ ಜೀವ ನೀರೆತ್ತುವ ಮೋಟರನ್ನು ಹೇಗೆ ಆಳುತ್ತದೆ ಎಂದು ಯೋಚಿಸಿದರೆ ಇಂದಿಗೂ ತಲೆ ಗಿರ್ರೆನ್ನುತ್ತದೆ.

ತೊಂಬತ್ತರ ದಶಕದ ಮಾತು. ರಾಮದುರ್ಗದ ನಮ್ಮ ಮನೆಯಲ್ಲಿ ನಳದ ನೀರು ನೆಲದ ತೊಟ್ಟಿಗೆ ಬರುತ್ತಿತ್ತು. ಅದನ್ನು ಮೋಟರು ಹಚ್ಚಿ ಮಾಳಿಗೆಯ ಟಾಕಿಗೆ ಏರಿಸಬೇಕು. ಟಾಕಿ ತುಂಬಿದಾಗ ಬಂದ್ ಮಾಡುವುದು ನನ್ನ ಕೆಲಸ; ಮರೆಯುವುದೂ ನನ್ನ ಕೆಲಸವೇ. ಬೈಲಹೊಂಗಲದಲ್ಲಿ ರೇಡಿಯೊ ಅಂಗಡಿ ಇಟ್ಟಿದ್ದ ನನ್ನ ಹೆಂಡತಿಯ ತಮ್ಮ ಬಸವರಾಜ ಇದಕ್ಕೊಂದು ಉಪಾಯ ಹೇಳಿ, ಸಾಮಾನೂ ಕೊಟ್ಟ.

"ಮಾವಾರ, ಟಾಕಿ ತುಂಬೇತಿ ಅಂತ ಟ್ರಾನ್ಸಿಸ್ಟರ್ ಬರೇ ಸುದ್ದಿ ಕೊಡತೈತ್ರಿ. ರಿಲೇ ಅನ್ನೂ ಈ ಡಬ್ಬಿ ಅದರ ಮಾತು ಕೇಳಿ ಮೋಟರ್ ಬಂದ್ ಮಾಡತೈತಿ. ದೊಡ್ಡ ಕರೆಂಟ್ ಟ್ರಾನ್ಸಿಸ್ಟರಿಗೆ ತಾಕಬಾರದ್ರಿ."

"ಹಂಗಾರ ಖರೇ ಕೆಲಸ ಮಾಡಾಂವ ಯಾಂವ?"

"ಇಬ್ಬರೂ ರಿ."

ಏನೂ ತಿಳಿಯಲಿಲ್ಲ. ತಲೆಯಾಡಿಸಿದೆ. ನಮ್ಮದು ಶೇಂಗಾ ವ್ಯಾಪಾರದ ಮನೆತನ. ಕೊಡುವವನಿಗೂ ಕೊಳ್ಳುವವನಿಗೂ ನಡುವೆ ದಲ್ಲಾಳಿ ನುಸುಳಿದರೆ ನಮ್ಮಪ್ಪ ಊಟ ಬಿಡುತ್ತಿದ್ದ. ರಿಲೇ ಎಂಬುದು ನನಗೆ ಥೇಟ್ ದಲ್ಲಾಳಿಯ ಹಾಗೆಯೇ ಕಂಡಿತು. ಕಿತ್ತು ಬದಿಗಿಟ್ಟು, ಮೋಟರನ್ನು ನೇರ ಟ್ರಾನ್ಸಿಸ್ಟರಿಗೇ ಜೋಡಿಸಿದೆ.

ಅಂದೇ ಹೆಂಡತಿಯ ತವರಿನವರು ಊಟಕ್ಕೆ ಬರುವವರು. ಟಾಕಿ ಖಾಲಿ. ಗುಂಡಿ ಒತ್ತಿದೆ. ಢಬ್! ಹೊಗೆ, ನಾತ, ಫ್ಯೂಜೂ ಹಾರಿತು. ಅದನ್ನು ಕಟ್ಟುವಷ್ಟರಲ್ಲಿ ಊರಿನ ಕರೆಂಟೇ ಹೋಯಿತು.

ಇಲ್ಲಿ ನಮ್ಮ ಮನೆಯ ಪದ್ಧತಿ ಹೇಳಬೇಕು. ಹಿರಿಯರ ಎದುರು ಗಂಡ ಹೆಂಡತಿ ನೇರ ಮಾತಾಡಬಾರದೆಂದು ಶುರುವಾದದ್ದು ಹಾಗೇ ರೂಢಿಯಾಗಿಬಿಟ್ಟಿತ್ತು. ಪಡಸಾಲೆಯಲ್ಲಿ ಕುಳಿತ ಅವ್ವನಿಗೆ ನಾನು "ಆಕಿಗೆ ಹೇಳು" ಎನ್ನುವುದು, ಒಳಗಿನಿಂದ ಆಕೆ "ಅವರಿಗೆ ಹೇಳ್ರಿ" ಎನ್ನುವುದು. ಆದರೆ ಆ ದಿನ ಅವ್ವ ನೇಸರಗಿಯಲ್ಲಿ, ನನ್ನ ತಂಗಿಯ ಮನೆಯಲ್ಲಿದ್ದಳು.

ಹೆಂಡತಿ ನೇರ ನನ್ನೆದುರಿಗೇ ಬಂದು ನಿಂತಳು.

"ನಮ್ಮ ತವರ ಮಂದಿ ಏನು ನಿಮ್ಮ ಶಾಣ್ಯಾತನದಾಗ ಕೈ ತೊಳಕೋಬೇಕೇನ್ರಿ?"

ಅದು ಬರೀ ಆರಂಭ. ಉಳಿದದ್ದನ್ನು ಬರೆಯುವ ಧೈರ್ಯ ನನಗಿಲ್ಲ. ಬೀಗರ ಎದುರಿಗೇ ತೊಟ್ಟಿಯಿಂದ ಕೊಡ ಹೊತ್ತೆ. ಬಸವರಾಜ ಕರಕಾದ ಟ್ರಾನ್ಸಿಸ್ಟರನ್ನು ನೋಡಿದ, ನನ್ನನ್ನೂ ನೋಡಿದ, ಪಾಪ, ಸುಮ್ಮನೆ ಹೋಳಿಗೆ ತಿಂದ.

ಸಂಜೆ ಪಕ್ಕದ ಮನೆಯಿಂದ ಫೋನ್ ಹಚ್ಚಿದೆ. "ಅವ್ವಾ, ನಾಳೆ ಮೊದಲ ಬಸ್ಸಿಗೆ ಬಂದಬಿಡು."

"ಯಾಕೋ, ಏನಾತು?"

"ಆಕಿ ನೇರ ಮಾತಾಡಾಕ ಹತ್ಯಾಳ. ನನ್ನ ಕೈಲಿ ತಡಕೊಳ್ಳಾಕ ಆಗವಲ್ದು."

ಅವ್ವ ಗಹಗಹಿಸಿ ನಕ್ಕಳು. "ಇಷ್ಟ ವರ್ಷ ನಾ ನಡುವ ಕುಂತು ಬರೇ ಎಲಿ ಅಡಿಕಿ ತಿಂತಿದ್ನಿ ಅಂತ ತಿಳದಿದ್ದೇನು?"

ಹೌದು, ಹಾಗೆಯೇ ತಿಳಿದಿದ್ದೆ.