ಸೋದರಮಾವನ ತೋಳು

“ಪರೀಕ್ಷೆ ದಿನ ಬೆಳಿಗ್ಗೆ ಒಂದ್ಸಲ ಪುಸ್ತಕ ತಿರುವಾಕದೆ ಯಾವನಾರ ಓಯ್ತಾನೇನಯ್ಯಾ?” ಎಂದು ಪಕ್ಕದ ಮನೆಯ ಮಹದೇವು ಕಾಂಪೌಂಡಿನಾಚೆಯಿಂದ ಕೇಳಿದ. ಸಿದ್ದರಾಮುವಿನ ಗ್ರಹಚಾರ ಅಲ್ಲಿಂದಲೇ ಶುರುವಾಯಿತು.

ಆ ಭಾನುವಾರ ಹನ್ನೊಂದು ಗಂಟೆಗೆ ಮದ್ದೂರಿನ ಛತ್ರದಲ್ಲಿ ಅಕ್ಕ ರೇವಮ್ಮನ ಕಿರಿಯ ಮಗಳು ಅರ್ಪಿತಳ ಮದುವೆ. ಸೋದರಮಾವನಾದವನು ಹೆಣ್ಣನ್ನು ಎರಡು ತೋಳಿನಲ್ಲಿ ಎತ್ತಿಕೊಂಡು ಹಸೆಗೆ ತರಬೇಕು. ಅಕ್ಕನಿಗೆ ಇದ್ದವನು ಅವನೊಬ್ಬನೇ ತಮ್ಮ. ಎರಡು ವರ್ಷದ ಹಿಂದೆ ದೊಡ್ಡವಳು ನಿಖಿತಾಳನ್ನು ಎತ್ತಿದವನು ನಾಲ್ಕನೆಯ ಹೆಜ್ಜೆಗೆ ಮಂಡಿ ಕುಸಿದು, ಹೆಣ್ಣಿನ ಸಮೇತ ಸಭೆಯ ನಡುವೆ ಕುಳಿತುಬಿಟ್ಟಿದ್ದ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಅಂದಿನಿಂದ ಮಂಡ್ಯದ ಕಚೇರಿಯಲ್ಲೂ ಯಲಿಯೂರಿನ ನೆಂಟರಲ್ಲೂ ಅವನ ಹೆಸರು ‘ಕುಂತ ಮಾವ’. ಈ ಸಲ ಎತ್ತದಿದ್ದರೆ ಸಾಯುವವರೆಗೂ ಅದೇ ಹೆಸರು.

ಅದಕ್ಕೆಂದೇ ಮೂರು ತಿಂಗಳ ಹಿಂದೆ ಅರ್ಬಾಜ್ ಎಂಬ ಜಿಮ್ ಟ್ರೇನರ್ ಬಳಿ ಸೇರಿದ್ದ. ಅರ್ಬಾಜನ ಕ್ರಮವೇ ಬೇರೆ. ವಾರಕ್ಕೆ ಒಂದೇ ದಿನ, ಇಪ್ಪತ್ತೇ ನಿಮಿಷ. ಹತ್ತು ಎಣಿಸುತ್ತ ಭಾರ ಎತ್ತಬೇಕು, ಹತ್ತು ಎಣಿಸುತ್ತ ಇಳಿಸಬೇಕು, ತೋಳು ಪೂರ್ತಿ ಸೋತು ನಿಲ್ಲುವವರೆಗೆ.

“ಸಾರ್, ಜೋರಾಗಿ ಎಳೆದ್ರೆ ಕೀಲಿಗೆ ಪೆಟ್ಟು. ನಿಧಾನಕ್ಕೆ ಎತ್ತಿದ್ರೆ ಮಾಂಸಖಂಡ ದುಡಿಯುತ್ತೆ. ಆಮೇಲೆ ವಾರ ಪೂರ್ತಿ ರೆಸ್ಟು. ಶಕ್ತಿ ಬರೋದೇ ರೆಸ್ಟಲ್ಲಿ,” ಎನ್ನುತ್ತಿದ್ದ. ಎಣಿಸುವಾಗ ಸಿದ್ದರಾಮುವಿನ ಮುಖ ನೋಡುತ್ತ, ಕಷ್ಟ ಕಂಡರೆ ತಾನೇ ಉಸಿರು ಬಿಗಿಹಿಡಿಯುವ ಹುಡುಗ.

ಗುಣವೂ ಕಂಡಿತು. ಸಿದ್ದರಾಮು ಕೈ ಊರದೆ ನೆಲದಿಂದ ಏಳತೊಡಗಿದ. ಗ್ಯಾಸ್ ಸಿಲಿಂಡರನ್ನು ಒಬ್ಬನೇ ಮಹಡಿಗೆ ಹೊತ್ತ. “ಮದುವೆ ವಾರ ಮಾತ್ರ ಈ ಕಡೆ ತಲೆ ಹಾಕ್ಬೇಡಿ ಸಾರ್,” ಎಂದು ಅರ್ಬಾಜ್ ಕೈ ಮುಗಿದು ಹೇಳಿ, ನೆಂಟರ ಮನೆಗೆಂದು ಮಳವಳ್ಳಿಗೆ ಹೋಗಿದ್ದ.

ಹೆಂಡತಿ ಪುಷ್ಪಾ ಹಿಂದಿನ ದಿನವೇ ಛತ್ರ ಸೇರಿದ್ದಳು. ತಡೆಯುವವರು ಯಾರೂ ಇರಲಿಲ್ಲ. ಮಹದೇವುವಿನ ಮಾತು ಕಿವಿಯಲ್ಲಿ ಸೊಳ್ಳೆಯಂತೆ ಗುಂಯ್‌ಗುಟ್ಟಿತು. ಸಿದ್ದರಾಮು ಆರೂವರೆಗೆ ಜಿಮ್ಮಿಗೆ ನಡೆದ. ಅರ್ಬಾಜನ ಇಪ್ಪತ್ತು ನಿಮಿಷದ ಪಾಠವನ್ನು ಪೂರ್ತಿ ಒಪ್ಪಿಸಿದ. ಸಾಕು ಎನ್ನಲು ಅರ್ಬಾಜ್ ಇಲ್ಲದ್ದರಿಂದ, ಧೈರ್ಯಕ್ಕೆಂದು ಮೊದಲಿಂದ ಇನ್ನೊಮ್ಮೆ ಒಪ್ಪಿಸಿದ.

ಹೊರಗೆ ಬಂದಾಗ ತೋಳುಗಳು ಹಗ್ಗದ ಮೇಲೆ ಒಣಹಾಕಿದ ಅಂಗಿಯ ತೋಳಿನಂತೆ ನೇತಾಡುತ್ತಿದ್ದವು. ಮನೆಯಲ್ಲಿ ತಲೆಯನ್ನೇ ಬಾಚಣಿಗೆಯ ಹತ್ತಿರ ಒಯ್ದು ಬಾಚಿಕೊಂಡ. ರೇಷ್ಮೆ ಶರ್ಟಿನ ಗುಂಡಿ ಮಾತ್ರ ಬೆರಳಿಗೆ ಬಗ್ಗಲಿಲ್ಲ. ಆಟೋದ ಬಾಬು ಜಾನ್ ಏನೂ ಕೇಳದೆ ಐದೂ ಗುಂಡಿ ಹಾಕಿ, ಕಾಲರ್ ಸರಿಮಾಡಿ ಬಸ್ ನಿಲ್ದಾಣಕ್ಕೆ ಬಿಟ್ಟ. ಬಸ್ಸಿನಲ್ಲಿ ಕಂಡಕ್ಟರಮ್ಮ ಟಿಕೆಟನ್ನು ತಾನೇ ಅವನ ಜೇಬಿಗಿಟ್ಟಳು. ಲೋಕದಲ್ಲಿ ಇಷ್ಟೊಂದು ಒಳ್ಳೆಯವರಿದ್ದಾರೆಂದು ಸಿದ್ದರಾಮುವಿಗೆ ಅಳು ಬಂತು. ಒರೆಸಿಕೊಳ್ಳಲು ಕೈ ಏಳಲಿಲ್ಲ.

ಛತ್ರದ ಬಾಗಿಲಲ್ಲೇ ಗಂಡಿನ ದೊಡ್ಡಪ್ಪ ಕೆಂಪಸಿದ್ದಯ್ಯ ಎದುರಾದರು. ಅವರಿಗೆ ಮೈಕಿನ ಅಗತ್ಯವಿಲ್ಲದ ಗಂಟಲು. “ಬನ್ನಿ ಬೀಗ್ರೇ! ಇವತ್ತು ನಿಂತ್ಕಂತೀರೋ, ಕುಂತ್ಕಂತೀರೋ?” ಎಂದು ಕೈ ಹಿಡಿದು ಕುಲುಕಿದರು. ಸಿದ್ದರಾಮುವಿಗೆ ಹಲ್ಲಿನವರೆಗೂ ನೋವು ಹತ್ತಿತು.

ತಿಂಡಿಗೆ ಕುಳಿತರೆ ಉಪ್ಪಿಟ್ಟಿನ ಕೈ ಎದೆಯವರೆಗೆ ಬಂದು ನಿಂತಿತು. ಕರುವಿನಂತೆ ಬಾಯನ್ನೇ ಎಲೆಯತ್ತ ಬಗ್ಗಿಸಿದ. ಪಕ್ಕದಲ್ಲಿದ್ದ ಗುರುತಿಲ್ಲದ ಮುದುಕಿ ನಗಲಿಲ್ಲ. “ಬಾಯ್ ತಗಿ ಮಗಾ,” ಎಂದು ನಾಲ್ಕು ತುತ್ತು ಇಟ್ಟಳು.

ಅದನ್ನು ದೂರದಿಂದ ಕಂಡ ಪುಷ್ಪಾ ಓಡಿಬಂದಳು. “ಜಿಮ್ಗೋಗಿದ್ರಾ? ನಿಜ ಯೋಳಿ!”

“ಒಂದೇ ಸಲ ಕಣೆ... ಎಲ್ಡು ಸಲ.”

“ನಿಮ್ಮ ತಲೇಲೇನು ಬೂಸಾ ತುಂಬೈತಾ? ಅಕ್ಕಂಗೆ ಏನಂತ ಯೋಳನ? ಮೊದ್ಲು ಓಗಿ ಮಗೀಗೆ ಯೋಳಿ, ಓಗಿ!”

ಹೆಣ್ಣಿನ ಕೋಣೆಯಲ್ಲಿ ಅರ್ಪಿತ ಒಬ್ಬಳೇ ಸಿಕ್ಕಳು. ಸಿದ್ದರಾಮು ಗೋಡೆಗೆ ಒರಗಿ ಎಲ್ಲವನ್ನೂ ಹೇಳಿದ. “ನಿಮ್ಮ ಮಾವ ಯಾವತ್ತೂ ಕುಂತೋನೇ ಕಣವ್ವ. ನನ್ನ ಕ್ಷಮಿಸ್ಬುಡು.”

ಅರ್ಪಿತ ಸೆರಗಿನ ತುದಿಯಿಂದ ಅವನ ಕಣ್ಣೊರೆಸಿದಳು. “ಮಾವ, ನಂಗೆ ನಡ್ಕೊಂಡು ಬರೋದೇ ಇಷ್ಟ. ನೀವು ಅಷ್ಟು ಕಷ್ಟಪಡ್ತಿದ್ರಲ್ಲ, ಯೋಳೋಕೆ ಬಾಯೇ ಬರ್ನಿಲ್ಲ. ನನ್ನ ಕೈ ಹಿಡ್ಕೊಂಡು ಬನ್ನಿ, ಸಾಕು.”

ಮೂರು ತಿಂಗಳ ಬೆವರು ನೀರುಪಾಲಾಯಿತಲ್ಲ ಎಂದು ಒಂದು ಕಡೆ ಸಂಕಟ; ಸದ್ಯ ಬದುಕಿಕೊಂಡೆ ಎಂದು ಇನ್ನೊಂದು ಕಡೆ ಸಮಾಧಾನ. ಓಲಗ ಮೊಳಗಿತು. ಮಾವನ ಕೈ ಹಿಡಿದು ಹೆಣ್ಣು ನಡೆದೇ ಬಂದಳು. ಸಭೆಯಲ್ಲಿ ಗುಸುಗುಸು ಎದ್ದಿತು. “ಕುಂತ ಮಾವ” ಎಂದು ಯಾರೋ ಕಿಸಕ್ಕೆಂದರು.

ಅರ್ಪಿತಳಿಗೆ ತಡೆಯಲಾಗಲಿಲ್ಲ. ಓಲಗ ನಿಲ್ಲಿಸಲು ಕೈ ಮಾಡಿ ಗಟ್ಟಿಯಾಗಿ ಹೇಳಿದಳು: “ಯಾರೂ ನಗ್ಬೇಡಿ! ನಮ್ಮ ಮಾವ ಮೂರು ತಿಂಗ್ಳು ಕಸರತ್ತು ಮಾಡವ್ರೆ. ನನ್ನಂಥೋರು ಇಬ್ರನ್ನ ಒಟ್ಗೇ ಎತ್ತೋ ತಾಕತ್ತೈತೆ. ಬ್ಯಾಡ ಅಂದೋಳು ನಾನೇ!”

ಸಭೆ ಚಪ್ಪಾಳೆ ತಟ್ಟಿತು. ಬಹಳ ದಿನಗಳ ಮೇಲೆ ಸಿದ್ದರಾಮು ಎದೆಯುಬ್ಬಿಸಿದ.

“ಇಬ್ರನ್ನಾ?” ಮುಂದಿನ ಸಾಲಿನಲ್ಲಿ ಕೆಂಪಸಿದ್ದಯ್ಯ ಎದ್ದು ನಿಂತರು. “ಅಂಥ ತೋಳು ಸುಮ್ಕೆ ಓಗ್ಬಾರ್ದು ಕಣ್ರಪ್ಪಾ! ಎಣ್ಣು ನಡ್ಕೊಂಡು ಬಂತು, ಸರಿ. ನಮ್ಮ ಗಂಡ್ನಾರ ಎತ್ಕೊಂಡು ಅಸೆ ಸುತ್ತ ಒಂದು ಸುತ್ತು ಬರ್ಲಿ!”

“ಎತ್ಲಿ! ಎತ್ಲಿ!” ಎಂದಿತು ಛತ್ರ. ಪುರೋಹಿತರು ಗಡಿಯಾರ ನೋಡಿ, “ಇನ್ನೂ ಎಂಟು ನಿಮಿಷ ಇದೆ, ಆಗಲಿ,” ಎಂದರು. ನೂರಾರು ಮೊಬೈಲುಗಳು ಮೇಲೆದ್ದವು. ಅರ್ಪಿತ ಬಾಯಿಗೆ ಕೈ ಒತ್ತಿಕೊಂಡಳು.

ಗಂಡು ಪ್ರೀತಂ ಜಿಲ್ಲಾ ಕಬಡ್ಡಿ ತಂಡದವನು, ಒಳ್ಳೆಯ ಹುಡುಗ. ಪೇಟ ಸರಿಮಾಡಿಕೊಂಡು ಹಸೆಯಿಂದಿಳಿದು ಬಂದು, ಸಿದ್ದರಾಮುವಿನ ಕೊರಳಿಗೆ ಎರಡೂ ತೋಳು ಹಾಕಿ, ಯಾರಿಗೂ ಕೇಳದಂತೆ ಕಿವಿಯಲ್ಲಿ ಹೇಳಿದ:

“ಎದರ್ಕಬ್ಯಾಡಿ ಮಾವ. ತೊಂಬತ್ತಾರು ಕೆಜಿ ಇದ್ದೆ, ಬೆಳಗ್ಗಿಂದ ಉಪವಾಸ. ತೊಂಬತ್ತೈದೂವರೆ ಇರ್ಬೌದು ಅಷ್ಟೆ.”