ಮಾವನ ವಿಮಾನದ ಉಲ್ಟಾ ಗುಂಡಿ

ನನ್ನ ಸೋದರಮಾವನಷ್ಟು ಸಲ ವಾದದಲ್ಲಿ ಸೋತ ಮನುಷ್ಯ ಕರ್ನಾಟಕದಲ್ಲೇ ಇನ್ನೊಬ್ಬನಿಲ್ಲ. ಸಾಕ್ಷಿ ಬೇಕೇ? ಸೋಲಿಸಿದವಳು ನಾನೇ! ಶಾಲೆಯ ಚರ್ಚಾಸ್ಪರ್ಧೆಗಳ ಹಿಂದಿನ ದಿನ ನನ್ನೆದುರು ಪ್ರತಿಪಕ್ಷವಾಗಿ ಕೂರಲು ಮನೆಯಲ್ಲಿ ಸಿಗುತ್ತಿದ್ದವನು ಅವನೊಬ್ಬನೇ. ಎರಡು ಮಾತಿಗೆ ತಡವರಿಸಿ, ಮೂರನೆಯದಕ್ಕೆ "ಸರಿ ಬಿಡಮ್ಮ, ನೀನೇ ಗೆದ್ದೆ" ಎಂದು ಕೈಯೆತ್ತುತ್ತಿದ್ದ. ಇಂಥವನು ಒಂಬತ್ತು ವರ್ಷದಿಂದ ಗುರುತ್ವಾಕರ್ಷಣೆಯ ಜೊತೆ ವಾದಕ್ಕೆ ನಿಂತಿದ್ದ ಎಂದರೆ ಯಾರು ನಂಬುತ್ತಾರೆ?

ಹೌದು, ಪೀಣ್ಯದ ತನ್ನ ಶೆಡ್ಡಿನಲ್ಲಿ ಮಾವ ವಿಮಾನ ಕಟ್ಟುತ್ತಿದ್ದ. ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬಂದ, ಇಬ್ಬರು ಕೂರುವ ವಿಮಾನ. ಅಕ್ಕಪಕ್ಕದವರು ಬೋಲ್ಟು, ಸ್ಪ್ರಿಂಗು ಮಾಡಿಕೊಂಡು ಮರ್ಯಾದೆಯಿಂದ ಬದುಕಿದ್ದರು. ಪ್ರತಿ ಆಯುಧಪೂಜೆಗೆ ಅವರೇ ಬಂದು ರೆಕ್ಕೆಗೆ ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ನಾಲ್ಕು ಜನ ತಳ್ಳಿ ಅದನ್ನು ಅಪ್ಪಚ್ಚಿ ಮಾಡುತ್ತಿದ್ದರು. ಒಂಬತ್ತು ವರ್ಷದಲ್ಲಿ ಆ ವಿಮಾನ ಕ್ರಮಿಸಿದ ಒಟ್ಟು ದೂರ: ಒಂಬತ್ತು ನಿಂಬೆಹಣ್ಣು!

ಈ ವರ್ಷ ಉಳಿದಿದ್ದು ಒಂದೇ ಕೆಲಸ, ಎಲೆಕ್ಟ್ರಿಕ್ ಟ್ರಿಮ್. ಹಾರುವಾಗ ವಿಮಾನದ ಮೂತಿ ಮೇಲಕ್ಕೋ ಕೆಳಕ್ಕೋ ಎಳೆಯುತ್ತಲೇ ಇರುತ್ತದಂತೆ. ಹಿಡಿಕೆ ಹಿಡಿದ ಕೈ ಸೋಲದಿರಲಿ ಎಂದು ಬಾಲದ ಅಂಚಿಗೆ ಅಂಗೈಯಗಲದ ಒಂದು ಪಟ್ಟಿ; ಗುಂಡಿ ಒತ್ತಿದರೆ ಅದನ್ನು ಆಡಿಸಲು ಪುಟ್ಟ ಮೋಟಾರು.

"ಗಡ್ಡ ಟ್ರಿಮ್ ಮಾಡ್ಕೊಳ್ಳೋಕೆ ಪುರುಸೊತ್ತಿಲ್ಲ, ವಿಮಾನಕ್ಕೆ ಟ್ರಿಮ್ಮಂತೆ!" ಎಂದು ಅತ್ತೆ ಸಿಡುಕಿದರು. ಆಮೇಲೆ ದನಿ ತಗ್ಗಿಸಿದರು. "ಇದೊಂದು ಕೂರಿಸಿಬಿಟ್ರೆ ಹಾರೇಬಿಡ್ತಾರೆ ಕಣೇ. ಹೋದ ತಿಂಗಳು ಎರಡು ಸಲ ತಲೆ ಸುತ್ತಿ ಬಿದ್ರು. ನೀನಾದ್ರೂ ವಾದ ಮಾಡಿ ನಿಲ್ಸು."

ಹೋದೆ. ಮಾವ ಬಾಲದೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ ತಂತಿ ಎಳೆಯುತ್ತಿದ್ದ.

"ಬಾ ಲಾಯರಮ್ಮ! ನನ್ನ ಸೀಟಲ್ಲಿ ಕೂತು 'ಮೇಲೆ' ಅನ್ನೋ ಗುಂಡಿ ಒತ್ತು."

ಪಕ್ಕದ ಸೀಟಿನ ತುಂಬ ಹತ್ಯಾರ ಹರಡಿತ್ತು. ಒತ್ತಿ, ಹಿಂದಿರುಗಿ ನೋಡಿದೆ. ಕುಯ್ ಎಂದು ಪಟ್ಟಿ ಕೆಳಗಿಳಿಯಿತು. ಸಿಕ್ಕಿಬಿದ್ದನಲ್ಲ!

"ಉಲ್ಟಾ ಮಾವ! ಮೇಲೆ ಅಂದ್ರೆ ಕೆಳಗೋಯ್ತು. ಒಂಬತ್ತು ವರ್ಷ ಕಟ್ಟಿ, ಕೊನೇಲಿ ತಂತಿ ಅದಲುಬದಲು!"

"ಉಲ್ಟಾ ಅಲ್ಲಮ್ಮ, ಅದೇ ಸರಿ. ಇದು ತಗ್ಗಿದ್ರೆ ಗಾಳಿ ಬಾಲದ ಹಲಗೇನ ಮೇಲಕ್ಕೆ ತಳ್ಳತ್ತೆ. ಬಾಲ ಕೂರತ್ತೆ, ಮೂತಿ ಏಳತ್ತೆ. ಈ ಚಿಕ್ಕದು ತಗ್ಗಿದ್ರೇನೇ ಅಷ್ಟು ದೊಡ್ಡದು ಏಳೋದು."

"ತಪ್ಪು ಮಾಡಿದೋರೆಲ್ಲ ಹೀಗೇ ಹೇಳೋದು!"

ಮಾವ ನಕ್ಕು ಮತ್ತೆ ತಂತಿಗೆ ಕೈ ಹಾಕಿದ. ಎಂದಿನಂತೆ ಸೋಲಲು ಶುರುಮಾಡಿದ್ದ. ನಾನು ಬಿಡುವವಳೇ? ಬತ್ತಳಿಕೆಯ ಕೊನೆಯ ಬಾಣ ತೆಗೆದೆ.

"ಅಷ್ಟೆತ್ತರದಲ್ಲಿ ತಲೆ ಸುತ್ತಿದ್ರೆ ಯಾವ ಗುಂಡಿ ಒತ್ತೀಯ ಮಾವ?"

ಮಾವ ಬಾಲದಿಂದ ಕೈ ಹೊರತೆಗೆದು, ಬನಿಯನ್ ವೇಸ್ಟಿನ ಚಿಂದಿಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.

"ಸರಿ ಬಿಡಮ್ಮ. ನೀನೇ ಗೆದ್ದೆ."

ಅತ್ತೆ ಪಾಯಸ ಮಾಡಿದರು. ಸಕ್ಕರೆ ಸರಿಯಾಗಿಯೇ ಇತ್ತು. ನಾನು ಅರ್ಧ ಬಿಟ್ಟೆ. ವಿಮಾನವನ್ನು ಒಂದು ಎಂಜಿನಿಯರಿಂಗ್ ಕಾಲೇಜಿಗೆ ಕೊಡುವುದೆಂದಾಯಿತು. ಅದನ್ನು ಗೇಟಿನ ಪಕ್ಕ ಕಂಬದ ಮೇಲೆ ನಿಲ್ಲಿಸುತ್ತಾರಂತೆ.

"ಹದಿನೈದು ಅಡಿ ಕಂಬ ಕಣಮ್ಮ," ಎಂದ ಮಾವ. "ಅಷ್ಟಾದ್ರೂ ಏರತ್ತೆ."

ತಮಾಷೆಗೇ ಹೇಳಿದ್ದು. ನಗುವ ಕೆಲಸ ಮಾತ್ರ ನಮ್ಮಿಂದ ಆಗಲಿಲ್ಲ.

ಲಾರಿ ಬಂದ ದಿನ ರೆಕ್ಕೆಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಸೀಟಿನ ದಿಂಬು ತೆಗೆಯಲು ನಾನು ಒಳಗೆ ಹತ್ತಿದೆ. ಹತ್ಯಾರವಿಲ್ಲದೆ ಖಾಲಿಯಾಗಿದ್ದ ಪಕ್ಕದ ಸೀಟಿನ ಮುಂದೆಯೂ ಒಂದು ಟ್ರಿಮ್ ಗುಂಡಿಯಿತ್ತು. ಅದರ ಕೆಳಗೆ, ಅಂದು ಹತ್ಯಾರದ ಮರೆಯಲ್ಲಿದ್ದ, ಟೇಪಿನಲ್ಲಿ ಅಂಟಿಸಿದ ಚೀಟಿ, ಮಾವನ ಕೋಳಿಕಾಲಿನ ಅಕ್ಷರ:

"ಲಾಯರಮ್ಮ, ಉಲ್ಟಾ ಅಲ್ಲ. ಮೇಲೆ ಹೋದಮೇಲೆ ವಾದ ಬೇಡ."

ಎರಡನೇ ಸೀಟು ಯಾರಿಗೆಂದು ಒಂಬತ್ತು ವರ್ಷ ನಾನು ಕೇಳಿಯೇ ಇರಲಿಲ್ಲ.

ಗುಂಡಿ ಒತ್ತಿದೆ. ಕುಯ್. ಬಾಲದ ಬಳಿ ನಿಂತಿದ್ದ ಮಾವ, ಇಳಿದು ಬಂದ ಪಟ್ಟಿಗೆ ಅಂಗೈ ಕೊಟ್ಟ.

"ಏನಮ್ಮ, ಉಲ್ಟಾನಾ?"

"ಸರಿಯಾಗಿದೆ ಮಾವ. ನೀನೇ ಗೆದ್ದೆ."

ಅವನಿಗೆ ಗೆದ್ದು ಅಭ್ಯಾಸವಿಲ್ಲ, ಆಚೀಚೆ ನೋಡಿದ. ಆಮೇಲೆ ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು ಚಕ್ರದಡಿ ಇಟ್ಟು, ನನ್ನತ್ತ ಕೈ ಚಾಚಿದ.

"ಇಳಿ, ತಳ್ಳೋಣ."